ಅಡ್ವಾನ್ಸ್ ಕೊಡುವ ಮುಂಚೆ ಓನರ್ ಕೈಯಿಂದ ಪಡೆಯಬೇಕಾದ ಕಾಗದಗಳು

ನನ್ನ ಮೊದಲ ಬಾಡಿಗೆ ಮನೆಯ ಅಗ್ರಿಮೆಂಟನ್ನು ನಾನು ಪೂರ್ತಿ ಓದಿದ್ದು ಮನೆ ಖಾಲಿ ಮಾಡುವ ದಿನ. ಸಹಿ ಹಾಕಿದ್ದು ಅದಕ್ಕೂ 11 ತಿಂಗಳು ಮೊದಲು. ಅವತ್ತು ಓನರ್ ಆಂಟಿ ಕಾಫಿ ಕೊಟ್ಟು, "ಇಲ್ಲೊಂದು, ಇಲ್ಲೊಂದು" ಅಂತ ಬೆರಳಿಟ್ಟು ತೋರಿಸುತ್ತಾ ಹೋದರು, ನಾನು ಸಹಿ ಹಾಕುತ್ತಾ ಹೋದೆ. ಕಾಪಿ ಕೇಳಿದ್ದಕ್ಕೆ "ಜೆರಾಕ್ಸ್ ಮಾಡಿಸಿ ಕೊಡ್ತೀನಿ ಬಿಡಪ್ಪ, ಎಲ್ಲಿಗೆ ಹೋಗ್ತೀನಿ ನಾನು" ಅಂದರು. ಅವರು ಎಲ್ಲಿಗೂ ಹೋಗಲಿಲ್ಲ, ನಿಜ. ಜೆರಾಕ್ಸೂ ಬರಲಿಲ್ಲ. ಖಾಲಿ ಮಾಡುವ ದಿನ ಬೀರುವಿನಿಂದ ಆ ಕಾಗದ ಹೊರಬಂತು. ಮೂರನೇ ಪುಟದ ಕೊನೆಯಲ್ಲಿ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಕ್ಲೀನಿಂಗ್‌ಗೆ ಬೇರೆ ಅಂತ ಟೈಪ್ ಆಗಿತ್ತು. ಅದರ ಕೆಳಗೆ ನನ್ನದೇ ಸಹಿ. ಸ್ವಲ್ಪ ಸ್ಟೈಲಾಗಿ ಬೇರೆ ಹಾಕಿದ್ದೆ.

ಆಮೇಲೆ ಬೆಂಗಳೂರಲ್ಲೇ ಇನ್ನೂ ನಾಲ್ಕು ಮನೆ ಬದಲಾಯಿಸಿದ್ದೇನೆ. ಕಲಿತದ್ದು ಒಂದೇ ಮಾತು. ಅಡ್ವಾನ್ಸ್ ನಿಮ್ಮ ಕೈಯಲ್ಲಿ ಇರುವ ತನಕ ಕೇಳಿದ ಕಾಗದ ಎಲ್ಲ ಸಿಗುತ್ತದೆ. ದುಡ್ಡು ಕೈ ಬದಲಾದ ಮೇಲೆ "ನೋಡೋಣ", "ಊರಿಂದ ಬಂದ ಮೇಲೆ", "ನಮ್ಮ ಮೇಲೆ ನಂಬಿಕೆ ಇಲ್ವಾ" ಶುರುವಾಗುತ್ತದೆ. ಹಾಗಾಗಿ ಏನೇನು ಕೇಳಬೇಕು, ಯಾಕೆ ಕೇಳಬೇಕು, ಹೇಗೆ ಕೇಳಿದರೆ ಜಗಳ ಆಗುವುದಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ನೀವೇ ಓನರ್ ಆಗಿದ್ದರೂ ಓದಿ. ಈ ಕಾಗದಗಳನ್ನು ಮೊದಲೇ ಒಂದು ಫೈಲಲ್ಲಿ ಇಟ್ಟುಕೊಂಡರೆ ಒಳ್ಳೆ ಬಾಡಿಗೆದಾರರು ಬೇಗ ಸಿಗುತ್ತಾರೆ.

ಕಾನೂನು ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಗ್ಯಾಸ್ ತಪಾಸಣೆಯ ದಾಖಲೆ, ವೈರಿಂಗ್ ತಪಾಸಣೆಯ ವರದಿ, ಡೆಪಾಸಿಟ್ ಹಣ ಯಾವ ಯೋಜನೆಯಲ್ಲಿ ಇಟ್ಟಿದ್ದಾರೆ ಅನ್ನುವ ವಿವರ, ಇದೆಲ್ಲ ಬಾಡಿಗೆದಾರರಿಗೆ ಕೊಡಲೇಬೇಕು. ಕೊಡದಿದ್ದರೆ ದಂಡ. ನಮ್ಮಲ್ಲಿ ಅಂಥ ಸಿದ್ಧ ಪಟ್ಟಿ ಇಲ್ಲ. ಹಾಗಂತ ಏನೂ ಇಲ್ಲ ಅಂತಲ್ಲ, ಇರುವುದು ಹಳೆ ಕಾನೂನಿನ ಮೂಲೆಯಲ್ಲಿ ಇದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಮನೆಯಲ್ಲಿ ಇರುವ ದೊಡ್ಡ ದೋಷ ಓನರ್‌ಗೆ ಗೊತ್ತಿದ್ದು, ಬಾಡಿಗೆಗೆ ಬರುವವರಿಗೆ ಗೊತ್ತಿಲ್ಲದೆ, ಸಾಮಾನ್ಯವಾಗಿ ನೋಡಿದರೆ ಕಣ್ಣಿಗೆ ಬೀಳದೆ ಇರುವಂಥದ್ದಾದರೆ, ಅದನ್ನು ಓನರ್ ತಾನಾಗಿಯೇ ಹೇಳಬೇಕು. ಅಲ್ಲಿಗೆ ತಿಳಿಸುವ ಹೊಣೆ ಅವರದು ಅಂತ ಆಯಿತು. ಅದೇ ಕಲಂ ಇನ್ನೊಂದು ಮಾತೂ ಹೇಳುತ್ತದೆ. ಓನರೇ ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸರಿಯಾದ ಸಮಯಕ್ಕೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಒಂದು ಕೊಕ್ಕೆ ಇದೆ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಅಲ್ಲಿ ಬರೆದದ್ದೇ ನಡೆಯುತ್ತದೆ. "ಎಲ್ಲಾ ರಿಪೇರಿ ಬಾಡಿಗೆದಾರರದ್ದೇ" ಅನ್ನುವ ಒಂದು ಸಾಲು ಸಾಕು, ಕಲಂ ನಿಮ್ಮ ಕೈ ಬಿಟ್ಟಂತೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ಅದು ಬಾಡಿಗೆ ಒಪ್ಪಂದ ಬರಹದಲ್ಲೇ ಇರಬೇಕು ಅನ್ನುತ್ತದೆ. ಖುಷಿ ಪಡಬೇಡಿ. ಆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಹೇಳಿ. ಇನ್ನು "ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ" ಅಂತ ಆಗಾಗ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಅದು ಮಾದರಿ ಮಾತ್ರ. ಒಂದು ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಆ ರಾಜ್ಯದಲ್ಲಿ ಲಾಗು, ಇಲ್ಲದಿದ್ದರೆ ಇಲ್ಲ. ಅದನ್ನು ಓನರ್ ಮುಂದೆ ಹಿಡಿದರೆ ಅವರು ನಕ್ಕು ಮುಂದಿನವರಿಗೆ ಮನೆ ತೋರಿಸುತ್ತಾರೆ.

ಅಂದರೆ ಈ ಕಾಯ್ದೆಗಳನ್ನು ನಂಬಿ ಸುಮ್ಮನೆ ಕೂರುವ ಹಾಗಿಲ್ಲ. ಕಾಗದವನ್ನು ನೀವೇ ಕೇಳಿ ಪಡೆಯಬೇಕು.

ಮೊದಲು, ಇವರೇ ಓನರಾ?

ಇದನ್ನು ಕೇಳಲು ಜನ ತುಂಬಾ ಸಂಕೋಚ ಪಡುತ್ತಾರೆ. ಮನೆ ತೋರಿಸಿದವರು ಓನರ್ ಥರ ಮಾತಾಡುತ್ತಾರೆ, ಕೀ ಅವರ ಕೈಯಲ್ಲೇ ಇದೆ, ಕೆಳಗಿನ ಮನೆಯಲ್ಲೇ ಇದ್ದಾರೆ, ಮತ್ತೇನು? ಆದರೆ ಮನೆ ಅವರ ಅತ್ತೆಯ ಹೆಸರಲ್ಲಿ ಇರಬಹುದು. ಅಣ್ಣತಮ್ಮಂದಿರ ಪಾಲಿನ ಕೇಸು ನಡೆಯುತ್ತಿರಬಹುದು. ಅಥವಾ ಅವರೇ ಇನ್ನೊಬ್ಬರ ಹತ್ತಿರ ಬಾಡಿಗೆಗೆ ತಗೊಂಡು ನಿಮಗೆ ಕೊಡುತ್ತಿರಬಹುದು.

ಕ್ರಯಪತ್ರ ಕೇಳಬೇಕಾಗಿಲ್ಲ, ಯಾರೂ ತೋರಿಸುವುದಿಲ್ಲ. ಎರಡು ಕಾಗದ ಸಾಕು. ಈ ವರ್ಷದ ಆಸ್ತಿ ತೆರಿಗೆ ರಸೀದಿ ಅಥವಾ ಖಾತಾ, ಮತ್ತೆ ಹೋದ ತಿಂಗಳ ಕರೆಂಟ್ ಬಿಲ್. ಎರಡರಲ್ಲೂ ಇರುವ ಹೆಸರು, ಅಗ್ರಿಮೆಂಟಿನಲ್ಲಿ ಓನರ್ ಅಂತ ಬರೆದಿರುವ ಹೆಸರು, ನೀವು ದುಡ್ಡು ಹಾಕುವ ಬ್ಯಾಂಕ್ ಅಕೌಂಟಿನ ಹೆಸರು, ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕರೆಂಟ್ ಬಿಲ್ಲಿನಲ್ಲಿ ಸತ್ತುಹೋದ ಅಜ್ಜನ ಹೆಸರೇ ಇನ್ನೂ ಇರುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಆದರೆ ತೆರಿಗೆ ರಸೀದಿಯಲ್ಲಿ ಒಬ್ಬರು, ಅಗ್ರಿಮೆಂಟಿನಲ್ಲಿ ಇನ್ನೊಬ್ಬರು, ದುಡ್ಡು ಹೋಗುವುದು ಮೂರನೆಯವರ ಅಕೌಂಟಿಗೆ ಅಂದರೆ ನಿಲ್ಲಿಸಿ ಕೇಳಿ.

ಓನರ್ ಅಮೆರಿಕದಲ್ಲಿದ್ದಾರೆ, ತಮ್ಮ ಸಹಿ ಹಾಕುತ್ತಾರೆ ಅನ್ನುವುದು ಇನ್ನೊಂದು ಥರ. ಹಾಗಿದ್ದರೆ ತಮ್ಮನಿಗೆ ಅಧಿಕಾರ ಕೊಟ್ಟ ಪತ್ರದ ಕಾಪಿ ಬೇಕು. ಜೊತೆಗೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ಓನರ್ ಎನ್‌ಆರ್‌ಐ ಆಗಿದ್ದರೆ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಓನರ್ ಪರವಾಗಿ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದ್ದು. ಇಲ್ಲಿಯೇ ಇರುವ ಓನರ್‌ಗೆ ತಿಂಗಳಿಗೆ 50,000 ರೂಪಾಯಿ ದಾಟಿದರೆ ಮಾತ್ರ ಟಿಡಿಎಸ್, ಅದೂ 2024ರ ಅಕ್ಟೋಬರಿಂದ ಶೇಕಡಾ 2 ಮಾತ್ರ. ಎನ್‌ಆರ್‌ಐ ಓನರ್‌ಗೆ ಆ 50,000ದ ಮಿತಿ ಇಲ್ಲ, ದರವೂ ಸುಮಾರು ಶೇಕಡಾ 30. ಹಾಗಾಗಿ "ನೀವು ಈಗ ಎಲ್ಲಿ ಇದ್ದೀರಿ, ತೆರಿಗೆ ಲೆಕ್ಕದಲ್ಲಿ ಎನ್‌ಆರ್‌ಐ ಆ?" ಅಂತ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಹೌದು ಅಂದರೆ ಅಡ್ವಾನ್ಸ್ ಕೊಡುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಹೋಗಿ ಬನ್ನಿ.

ಅಗ್ರಿಮೆಂಟ್, ಅದೂ ಓದಿ

ಎಲ್ಲರೂ 11 ತಿಂಗಳಿಗೇ ಯಾಕೆ ಮಾಡುತ್ತಾರೆ ಗೊತ್ತಾ? ಒಂದು ವರ್ಷ ದಾಟುವ ಬಾಡಿಗೆ ಒಪ್ಪಂದವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ. ಆ ಖರ್ಚು, ಓಡಾಟ ಬೇಡ ಅಂತ 11. ನೋಂದಣಿ ಬೇಡ ಅಂದ ಮಾತ್ರಕ್ಕೆ ಸ್ಟಾಂಪ್ ಶುಲ್ಕ ಬೇಡ ಅಂತ ಅಲ್ಲ, ಅದು ಬೇಕೇ ಬೇಕು. ಇನ್ನೊಂದು ಗೊಂದಲ, ನೋಟರಿ ಸೀಲ್ ಹಾಕಿಸಿದರೆ ನೋಂದಣಿ ಆದಂತೆ ಅಂತ ಜನ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ನೋಟರಿ ಎಷ್ಟೇ ಕೆಂಪು ಸೀಲ್ ಹೊಡೆದರೂ ಮೂರು ವರ್ಷದ ಒಪ್ಪಂದ ನೋಂದಣಿ ಆಗದೆ ನಿಲ್ಲುವುದಿಲ್ಲ.

ಸಹಿಗೆ ಎರಡು ದಿನ ಮುಂಚೆ ಡ್ರಾಫ್ಟ್ ಕಳಿಸಲು ಹೇಳಿ. ಪಿಡಿಎಫ್ ಸಾಕು. ಬ್ರೋಕರ್‌ಗಳು ಇದಕ್ಕೆ "ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಎಲ್ಲರಿಗೂ ಅದೇ" ಅನ್ನುತ್ತಾರೆ. ಒಂದೇ ಥರ ಇದ್ದರೆ ಕಳಿಸಲು ಕಷ್ಟ ಏನು ಅಲ್ವಾ? ಬಂದ ಡ್ರಾಫ್ಟಿನಲ್ಲಿ ಮೊದಲು ಹುಡುಕಬೇಕಾದ್ದು ದುಡ್ಡು ವಾಪಸ್ ಬರುವ ಸಾಲು. ಖಾಲಿ ಮಾಡಿದ ಎಷ್ಟು ದಿನಕ್ಕೆ, ಏನೇನು ಹಿಡಿದುಕೊಂಡು, ಯಾವ ಅಕೌಂಟಿಗೆ. "ಖಾಲಿ ಮಾಡಿದ ಮೇಲೆ ವಾಪಸ್ ಕೊಡಲಾಗುವುದು" ಅಂತ ಮಾತ್ರ ಇದ್ದರೆ ಸಾಲದು. ಮೇಲೆ ಅಂದರೆ ನಾಳೆಯೂ ಆಗಬಹುದು, ಮುಂದಿನ ಯುಗಾದಿಯೂ ಆಗಬಹುದು. "ಕೀ ಕೊಟ್ಟ ದಿನವೇ" ಅಂತ ಬರೆಸಿ, ಒಪ್ಪದಿದ್ದರೆ "7 ದಿನದ ಒಳಗೆ" ಅಂತಲಾದರೂ.

ಪೇಂಟಿಂಗ್ ವಿಷಯ ನನ್ನ ಗಾಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅನ್ನುವುದು ಬೆಂಗಳೂರಿನ ರೂಢಿ, ಕಾನೂನಲ್ಲ. ರೂಢಿ ಅಂದ ಮೇಲೆ ಮಾತಾಡಲು ಜಾಗ ಇದೆ. ಒಳ್ಳೆ ಉಪಾಯ ಅಂದರೆ "ನಾನು ಬರುವ ಮುಂಚೆ ಪೇಂಟ್ ಆಗಿದ್ದರೆ ಮಾತ್ರ, ಅದೂ ಬಿಲ್ ತೋರಿಸಿದಷ್ಟು" ಅಂತ ಸೇರಿಸುವುದು. ಹಿಂದಿನವರ ಮಕ್ಕಳು ಕ್ರೇಯಾನ್‌ನಲ್ಲಿ ಬರೆದ ಆನೆ ಗೋಡೆ ಮೇಲೆ ಹಾಗೇ ಇರುವಾಗ, ನೀವು ಹೋಗುವಾಗ ಪೇಂಟಿಂಗ್ ದುಡ್ಡು ಯಾವ ಲೆಕ್ಕ?

ಆಮೇಲೆ ನೋಟಿಸ್ ಅವಧಿ. ಏನೂ ಬರೆಯದೆ ಇದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಅನ್ನುತ್ತದೆ ಅದೇ 1882ರ ಕಾಯ್ದೆ. ಇದು ಎರಡೂ ಕಡೆಗೆ. ಅಂದರೆ ಓನರೂ 15 ದಿನದಲ್ಲಿ ಹೋಗಿ ಅನ್ನಬಹುದು. ಹಾಗಾಗಿ ಎರಡು ತಿಂಗಳು ಅಂತ ಬರೆಸಿ, ಇಬ್ಬರಿಗೂ ಒಂದೇ ಅಳತೆ ಇರಲಿ. ಕೆಲವು ಅಗ್ರಿಮೆಂಟಿನಲ್ಲಿ ನಿಮಗೆ ಮೂರು ತಿಂಗಳು, ಓನರ್‌ಗೆ ಒಂದು ತಿಂಗಳು ಅಂತ ಇರುತ್ತದೆ, ಓದಿದರೆ ಮಾತ್ರ ಗೊತ್ತಾಗುತ್ತದೆ. ಲಾಕ್-ಇನ್, ಅಂದರೆ ಇಷ್ಟು ತಿಂಗಳು ಬಿಡುವ ಹಾಗಿಲ್ಲ ಅನ್ನುವ ಷರತ್ತು, ಇದ್ದರೆ ಅದನ್ನೂ ನೋಡಿ. ಬಾಡಿಗೆ ಏರಿಕೆ ಶೇಕಡಾ ಎಷ್ಟು, ಯಾವಾಗ, ಅಂಕೆಯಲ್ಲಿ ಇರಲಿ.

ಸಹಿ ಆದ ತಕ್ಷಣ, ಅಲ್ಲೇ ಕೂತಲ್ಲೇ, ಎಲ್ಲ ಪುಟಗಳ ಫೋಟೋ ತೆಗೆದುಕೊಳ್ಳಿ. ಸ್ಟಾಂಪ್ ಪುಟದ್ದು ಮುಖ್ಯವಾಗಿ. ಆದರೆ ಇನ್ನೂ ಒಳ್ಳೆಯದು ಎರಡು ಒರಿಜಿನಲ್ ಮಾಡಿಸುವುದು, ಇಬ್ಬರ ಹತ್ತಿರವೂ ಒಂದೊಂದು. ಜಾಸ್ತಿ ಖರ್ಚೇನೂ ಇಲ್ಲ. ಗ್ಯಾಸ್ ಕನೆಕ್ಷನ್‌ನಿಂದ ಹಿಡಿದು ವಿಳಾಸ ಬದಲಾವಣೆ ತನಕ ಎಲ್ಲ ಕಡೆ ಅದನ್ನು ಕೇಳುತ್ತಾರೆ.

ಕರೆಂಟ್, ನೀರು

ಕರೆಂಟ್ ಬಿಲ್ ಕೇಳುವುದು ಹೆಸರಿಗಷ್ಟೇ ಅಲ್ಲ. ಅದರಲ್ಲಿ ಅಕೌಂಟ್ ಐಡಿ, ಆರ್‌ಆರ್ ನಂಬರ್ (ಆ ಕನೆಕ್ಷನ್ನಿನ ನಂಬರ್) ಇರುತ್ತದೆ. ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್, ಬೇಕಾದರೆ ಆ ಅಕೌಂಟ್ ಐಡಿ ಬೇಕು. 2023ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ 200 ಯೂನಿಟ್ ಒಳಗಿನ ಬಳಕೆಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು, ಸೇವಾ ಸಿಂಧುವಿನಲ್ಲಿ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ತೆಗೆಸದೆ ಹೋಗಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಇದನ್ನು ಕೀ ತಗೊಳ್ಳುವ ಮುಂಚೆಯೇ ಕೇಳಿ. ಆಮೇಲೆ ಆ ಹಿಂದಿನವರು ಪುಣೆಗೆ ಹೋಗಿ ಫೋನೂ ಎತ್ತದೆ ಇದ್ದಾಗ ನೀವು ಕಚೇರಿಗೆ ಅಲೆಯಬೇಕು.

ಬಿಲ್ಲಿನಲ್ಲಿ ಇನ್ನೆರಡು ವಿಷಯ ನೋಡಿ. ಬಾಕಿ ಎಷ್ಟಿದೆ, ಮತ್ತೆ ಕನೆಕ್ಷನ್ ಗೃಹಬಳಕೆಯದ್ದಾ ಅಂತ. ಕಟ್ಟಡ ಕಟ್ಟುವಾಗ ತಗೊಂಡ ತಾತ್ಕಾಲಿಕ ಕನೆಕ್ಷನ್ನಿನಲ್ಲೇ ನಡೆಯುವ ಮನೆಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಅಲ್ಲಿ ದರ ಜಾಸ್ತಿ, ಗೃಹಜ್ಯೋತಿಯೂ ಇಲ್ಲ. ಸಬ್ ಮೀಟರ್ ಇದ್ದರೆ ಯೂನಿಟ್‌ಗೆ ಎಷ್ಟು ಅಂತ ಅಗ್ರಿಮೆಂಟಿನಲ್ಲೇ ಬರೆಸಿ.

ನೀರಿನ ಬಗ್ಗೆ ಮೂರೇ ಪ್ರಶ್ನೆ. ಕಾವೇರಿ ಇದೆಯಾ, ಎಷ್ಟು ದಿನಕ್ಕೊಮ್ಮೆ? ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತದಾ? ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ಉತ್ತರವನ್ನು ವಾಟ್ಸಾಪ್ ಮೆಸೇಜಿನಲ್ಲಿ ಪಡೆಯಿರಿ. ಬಾಯಿಮಾತಿನ "ನೀರಿಗೇನೂ ತೊಂದರೆ ಇಲ್ಲ" ಅನ್ನುವುದು ಏಪ್ರಿಲ್ ತನಕ ಮಾತ್ರ ನಿಜ.

ಗೋಡೆ ಒಳಗಿನ ನೀರು

ನನ್ನ ಮೂರನೇ ಮನೆ. ನೋಡಲು ಹೋದದ್ದು ಮಾರ್ಚ್ ತಿಂಗಳಲ್ಲಿ. ಹೊಸ ಪೇಂಟ್ ವಾಸನೆ, ತಿಳಿ ಹಳದಿ ಗೋಡೆ, ಕಿಟಕಿಯಿಂದ ಗಾಳಿ. ಆಗಸ್ಟ್ ಹೊತ್ತಿಗೆ ವಾರ್ಡ್‌ರೋಬ್ ಹಿಂದಿನ ಗೋಡೆ ಬೆವರತೊಡಗಿತು. ಕೈ ಇಟ್ಟರೆ ಅಂಗೈಗೆ ಸುಣ್ಣದ ಪುಡಿ, ಒದ್ದೆ ಒದ್ದೆ. ಕೆಳಗಿನ ಅರೆಯಲ್ಲಿ ಇಟ್ಟಿದ್ದ ಫೈಲ್ ತೆಗೆದರೆ ಅಗ್ರಿಮೆಂಟಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಸ್ಟಾಂಪಿನ ಮೇಲೆ ಹಸಿರು ಬೂಷ್ಟು. ಪಕ್ಕದ ಮನೆಯವರು ಹೇಳಿದರು, "ಅಯ್ಯೋ, ಪ್ರತಿ ಮಳೆಗಾಲ ಇದೇ ಕತೆ, ಅದಕ್ಕೇ ಹೋದವರು ಹೋದರು." ಓನರ್‌ಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಹೊಸ ಪೇಂಟ್ ಬಳಿದ ಗೋಡೆಯಲ್ಲಿ ಅದು ಕಾಣುವುದೂ ಇಲ್ಲ. 108ನೇ ಕಲಂ ಹೇಳುವುದು ಇಂಥದ್ದನ್ನೇ.

ಈಗ ನಾನು ಮಾಡುವುದು ಇಷ್ಟು. ಮನೆ ಇಷ್ಟವಾದ ಮೇಲೆ ಓನರ್‌ಗೆ ಒಂದು ಮೆಸೇಜ್ ಹಾಕುತ್ತೇನೆ.

"ನಮಸ್ಕಾರ ಸರ್. ಮನೆ ಇಷ್ಟ ಆಯಿತು. ಮಳೆಗಾಲದಲ್ಲಿ ಗೋಡೆ ಅಥವಾ ಸೀಲಿಂಗ್ ಸೋರುವುದು, ವೈರಿಂಗ್ ತೊಂದರೆ, ಚರಂಡಿ ಕಟ್ಟಿಕೊಳ್ಳುವುದು, ಕೋರ್ಟ್ ಕೇಸ್, ಬ್ಯಾಂಕ್ ನೋಟಿಸ್, ಇಂಥದ್ದೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಇಲ್ಲ ಅಂದರೆ ಇಲ್ಲ ಅಂತ ಒಂದು ಮಾತು ಬರೆಯಿರಿ. ನಾಳೆ ಅಡ್ವಾನ್ಸ್ ಹಾಕುತ್ತೇನೆ."

ಕೊನೆಯ ಸಾಲು ಬಹಳ ಮುಖ್ಯ. ಅದಿದ್ದರೆ ಉತ್ತರ ಐದು ನಿಮಿಷದಲ್ಲಿ ಬರುತ್ತದೆ. ಒಬ್ಬರು "ಬಾತ್‌ರೂಮ್ ಮೇಲೆ ಸ್ವಲ್ಪ ಇದೆ, ಮಾಡಿಸಿ ಕೊಡ್ತೀನಿ" ಅಂತ ಒಪ್ಪಿಕೊಂಡು, ನಿಜವಾಗಿಯೂ ಮಾಡಿಸಿ ಕೊಟ್ಟರು. ಇನ್ನೊಬ್ಬರು ಫೋನ್ ಮಾಡಿ "ಇದೆಲ್ಲ ಬರೆದು ಕೊಡೋಕೆ ಆಗಲ್ಲ" ಅಂದರು. ಆ ಮನೆ ಬಿಟ್ಟೆ.

ಮನೆಯ ವಸ್ತುಗಳ ಪಟ್ಟಿ

ಫ್ಯಾನ್ ಎಷ್ಟು, ಗೀಸರ್ ಯಾವ ಸ್ಥಿತಿಯಲ್ಲಿದೆ, ಕೀ ಎಷ್ಟು, ಚಿಮಣಿ ಕೆಲಸ ಮಾಡುತ್ತದಾ. ಒಂದು ಪುಟ, ಇಬ್ಬರ ಸಹಿ. ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ, ಮೀಟರ್ ರೀಡಿಂಗ್ ಕಾಣುವ ಹಾಗೆ, ಮಾಡಿದ ದಿನವೇ ಓನರ್‌ಗೆ ಕಳಿಸಿ. ಕಳಿಸುವುದು ಯಾಕೆಂದರೆ ತಾರೀಖು ಅವರ ಫೋನಿನಲ್ಲೂ ಉಳಿಯುತ್ತದೆ. ಸಿಂಕಿನ ಕೆಳಗೆ, ಬಾಗಿಲ ಕೆಳ ಅಂಚು, ಟೈಲ್ಸ್ ಬಿರುಕು, ಇವನ್ನು ಮರೆಯಬೇಡಿ. ದುಡ್ಡು ಹಿಡಿಯುವುದೆಲ್ಲ ಅಲ್ಲಿಂದಲೇ.

ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮಗಳ ಕಾಪಿ, ಪಾರ್ಕಿಂಗ್ ನಂಬರ್, ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನುವ ಒಂದು ಸಾಲು. ಬಾಕಿ ಇದ್ದರೆ ಗೇಟಿನಲ್ಲಿ ಸಾಮಾನಿನ ಲಾರಿ ನಿಲ್ಲಿಸುವುದು ನಿಮ್ಮದನ್ನು, ಓನರದ್ದಲ್ಲ.

ಪ್ಯಾನ್ ಮತ್ತು ರಸೀದಿ

ಸಂಬಳದವರು ಹಳೆ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವುದಾದರೆ, ವರ್ಷಕ್ಕೆ 1 ಲಕ್ಷ ದಾಟಿದ ಬಾಡಿಗೆಗೆ ಓನರ್ ಪ್ಯಾನ್ ಕೊಡಬೇಕಾಗುತ್ತದೆ. ತಿಂಗಳಿಗೆ 8,334 ಆದರೂ 1 ಲಕ್ಷ ದಾಟಿತು. ಜನವರಿಯಲ್ಲಿ ಆಫೀಸಿನವರು ಪ್ರೂಫ್ ಕೇಳಿದಾಗ ಓನರ್‌ಗೆ ಫೋನ್ ಮಾಡಿದರೆ "ಪ್ಯಾನ್ ಕೊಡಲ್ಲ, ಬೇಕಾದ್ರೆ ಬಾಡಿಗೆ ಒಂದು ಸಾವಿರ ಕಡಿಮೆ ಮಾಡ್ಕೊಳ್ಳಿ" ಅನ್ನುವ ಉತ್ತರ ಬರುತ್ತದೆ. ಹಾಗಾಗಿ ಅಗ್ರಿಮೆಂಟಿನಲ್ಲೇ ಪ್ಯಾನ್ ನಂಬರ್ ಬರೆಸಿ. ಹೊಸ ಪದ್ಧತಿಯವರಿಗೆ ಈ ತಲೆನೋವಿಲ್ಲ, ಎಚ್‌ಆರ್‌ಎ ವಿನಾಯಿತಿಯೇ ಇಲ್ಲ ಅಲ್ಲಿ.

ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹಾಕಿ. ನಗದು ಕೊಡಲೇಬೇಕಾಗಿ ಬಂದರೆ ರಸೀದಿ ಕಡ್ಡಾಯ, 5,000 ದಾಟಿದರೆ 1 ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ. "ಅರ್ಧ ಕ್ಯಾಶ್ ಕೊಡಿ, ಅಗ್ರಿಮೆಂಟಿನಲ್ಲಿ ಅರ್ಧ ಮಾತ್ರ ತೋರಿಸೋಣ" ಅಂದರೆ ಒಪ್ಪಬೇಡಿ. ಕಾಗದದಲ್ಲಿ ಇಲ್ಲದ ಅರ್ಧ ವಾಪಸ್ ಬರುವುದು ಓನರ್ ಮನಸ್ಸಿನ ಮೇಲೆ.

ಅವರು ನಿಮ್ಮ ಆಧಾರ್ ಕೇಳುತ್ತಾರೆ, ಕೊಡಿ. ಆದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಮೇಲೆ "ಬಾಡಿಗೆ ಒಪ್ಪಂದಕ್ಕೆ ಮಾತ್ರ" ಅಂತ ಅಡ್ಡ ಬರೆದು ತಾರೀಖು ಹಾಕಿ.

ಭೋಗ್ಯಕ್ಕೆ ಹಾಕಿಕೊಳ್ಳುವವರು ಇದನ್ನು ಎರಡು ಸಲ ಓದಿ

ಬಾಡಿಗೆಯಲ್ಲಿ ಹೋದರೆ ಒಂದೆರಡು ಲಕ್ಷ. ಭೋಗ್ಯದಲ್ಲಿ, ಅಂದರೆ ಜನ ಲೀಸ್ ಅನ್ನುವುದರಲ್ಲಿ, ಊರಲ್ಲಿ ಜಮೀನು ಮಾರಿದ ದುಡ್ಡು ಹೋಗುತ್ತದೆ. ಹತ್ತು, ಹದಿನೈದು, ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವುದು, ಹೋಗುವಾಗ ಪೂರ್ತಿ ವಾಪಸ್. ಕೇಳಲು ಚೆನ್ನಾಗಿದೆ. ಕೆಡುವುದು ಹೇಗೆ ಅಂದರೆ, ಆ ಮನೆ ಮೇಲೆ ಓನರ್ ಬ್ಯಾಂಕ್ ಸಾಲ ಮಾಡಿರುತ್ತಾರೆ, ಕಂತು ಕಟ್ಟಿರುವುದಿಲ್ಲ. ಒಂದು ದಿನ ಬಾಗಿಲ ಮೇಲೆ ಬ್ಯಾಂಕಿನ ನೋಟಿಸ್. ನಿಮ್ಮ ಹತ್ತಿರ ಇರುವುದು ನೋಟರಿ ಮಾಡಿದ, ನೋಂದಣಿ ಆಗದ ಕಾಗದ. ಅದನ್ನು ಹಿಡಿದು ಬ್ಯಾಂಕ್ ಮುಂದೆ ನಿಲ್ಲಲು ಆಗುವುದಿಲ್ಲ. ಇನ್ನೊಂದು ಥರದಲ್ಲಿ, ಮಧ್ಯವರ್ತಿ ಓನರ್ ಹತ್ತಿರ ತಿಂಗಳ ಬಾಡಿಗೆಗೆ ಮನೆ ತಗೊಂಡು, ನಿಮಗೆ ಭೋಗ್ಯಕ್ಕೆ ಕೊಟ್ಟು, ನಿಮ್ಮ ದುಡ್ಡಲ್ಲೇ ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ, ಆಮೇಲೆ ಫೋನ್ ಸ್ವಿಚ್ ಆಫ್ ಮಾಡುತ್ತಾನೆ. ಓನರ್ ಬಂದು "ನೀವ್ಯಾರು?" ಅಂತ ಕೇಳುವಾಗ ನಿಜಕ್ಕೂ ಉತ್ತರ ಇರುವುದಿಲ್ಲ.

ಹಾಗಾಗಿ ಭೋಗ್ಯಕ್ಕೆ ಮೂರು ಕಾಗದ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಒಂದು, ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ವೆಬ್‌ಸೈಟಿನಲ್ಲಿ ನೀವೇ ತೆಗೆಯಬಹುದು. ವ್ಯವಹಾರ ಇದ್ದರೆ ಫಾರಂ 15 ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16. ಅಡಮಾನ, ಕ್ರಯಪತ್ರ ಒಪ್ಪಿಸಿದ ದಾಖಲೆ ನೋಂದಣಿ ಆಗಿದ್ದರೆ ಅಲ್ಲಿ ಕಾಣುತ್ತದೆ. ನೋಂದಣಿ ಆಗದೆ ಬ್ಯಾಂಕಿನಲ್ಲಿ ಪತ್ರ ಇಟ್ಟಿದ್ದರೆ ಇಸಿಯಲ್ಲಿ ಬರುವುದಿಲ್ಲ. ಅದಕ್ಕೇ ಎರಡನೆಯದು, ಸರ್ಸಾಯಿ (CERSAI) ವೆಬ್‌ಸೈಟಿನಲ್ಲಿ ಹುಡುಕುವುದು. ಬ್ಯಾಂಕುಗಳು ಅಡಮಾನ ಇಟ್ಟುಕೊಂಡ ಆಸ್ತಿಯನ್ನು ಅಲ್ಲಿ ದಾಖಲಿಸುತ್ತವೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಸಾಲ ಇದೆ ಅಂತ ಓನರೇ ಒಪ್ಪಿಕೊಂಡರೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಮತ್ತು ಭೋಗ್ಯಕ್ಕೆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿ. ಮೂರು, ನೋಂದಣಿ ಆದ ಒಪ್ಪಂದ. ಓನರ್ ಖುದ್ದು ಸಬ್ ರಿಜಿಸ್ಟ್ರಾರ್ ಮುಂದೆ ಬಂದು ಹೆಬ್ಬೆಟ್ಟು ಒತ್ತಲಿ. "ನೋಂದಣಿ ಯಾಕೆ, ಸುಮ್ನೆ ಖರ್ಚು" ಅಂದ ಓನರ್ ಹತ್ತಿರ ಭೋಗ್ಯಕ್ಕೆ ಹೋಗಬೇಡಿ, ಬಾಡಿಗೆಗೆ ಬೇಕಾದರೆ ಹೋಗಿ.

ಕೇಳಿದರೆ ಕೊಡದಿದ್ದರೆ

ಅಡ್ವಾನ್ಸ್ ಮುಂಚೆ ಆದರೆ ಬೇರೆ ಮನೆ ನೋಡಿ, ಅಷ್ಟೇ. ಟೋಕನ್ ಕೊಟ್ಟಿದ್ದರೆ "ಇಂಥ ಕಾಗದ ಕೊಟ್ಟ ಮೇಲೆ ಉಳಿದದ್ದು, ಕೊಡದಿದ್ದರೆ ಟೋಕನ್ ವಾಪಸ್" ಅಂತ ಕೊಡುವಾಗಲೇ ಮೆಸೇಜ್ ಹಾಕಿರಿ.

ಒಳಗೆ ಹೋದ ಮೇಲೆ ಆದರೆ ಮೊದಲು ಮೆಸೇಜ್, ಆಮೇಲೆ ಇಮೇಲ್, ಆಮೇಲೆ ಸ್ಪೀಡ್ ಪೋಸ್ಟ್. ಭಾಷೆ ಮೆತ್ತಗೆ ಇರಲಿ, ತಾರೀಖು ಗಟ್ಟಿಯಾಗಿ ಇರಲಿ. ಬಾಡಿಗೆ ನಿಲ್ಲಿಸುವುದು ಮಾತ್ರ ಬೇಡ. ಜನ ಮೊದಲು ಮಾಡುವುದು ಅದನ್ನೇ, ಅಲ್ಲಿಗೆ ತಪ್ಪು ನಿಮ್ಮ ಕಡೆ ತಿರುಗುತ್ತದೆ. ಅಡ್ವಾನ್ಸ್ ವಾಪಸ್ ಬರದಿದ್ದರೆ ವಕೀಲರ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಸಿವಿಲ್ ದಾವೆ. ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು, ಆಮೇಲೆ ಕೋರ್ಟ್ ಬಾಗಿಲು ಮುಚ್ಚುತ್ತದೆ. ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರಿಗೆ ಒಂದು ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಬೇರೆ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಕೂರಿಸಿ ಮಾತಾಡಿಸುವ ಲೋಕ ಅದಾಲತ್ ದಾರಿಯೂ ಅಲ್ಲೇ ಇದೆ.

ನನ್ನ ಈಗಿನ ಓನರ್ ನಿವೃತ್ತ ಮೇಷ್ಟ್ರು. ಕಾಗದದ ಪಟ್ಟಿ ಕಳಿಸಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಹೋದರೆ ಜಗುಲಿ ಮೇಲೆ ಒಂದು ನೀಲಿ ಫೈಲ್ ಇಟ್ಟುಕೊಂಡು ಕೂತಿದ್ದರು. ತೆರಿಗೆ ರಸೀದಿ, ಬಿಲ್, ಸಂಪ್ ತೊಳೆಸಿದ ತಾರೀಖು, ಪ್ಲಂಬರ್ ನಂಬರ್, ಎಲ್ಲ ಕ್ರಮವಾಗಿ. ಕೊನೆಗೆ ಕನ್ನಡಕ ಸರಿ ಮಾಡಿಕೊಂಡು, "ನಿನ್ನ ಹಿಂದಿನ ಓನರ್ ನಂಬರ್ ಕೊಡು, ನಾನೂ ಒಂದು ಮಾತು ಕೇಳ್ತೀನಿ" ಅಂದರು. ಆ ಪೇಂಟಿಂಗ್ ಆಂಟಿಯ ನಂಬರ್ ಕೊಡುವುದಾ ಬೇಡವಾ ಅಂತ ಒಂದು ಕ್ಷಣ ಯೋಚನೆ ಆಯಿತು. ಪುಣ್ಯಕ್ಕೆ ಅವರು ಕೇಳಿದ್ದು ನಾಲ್ಕನೇ ಮನೆಯವರದ್ದು.